ಬಂಡೆ ಕಡಿಯಲು ಎಷ್ಟು ಬಲ, ಎಷ್ಟು ಪವರ್ ಬೇಕು? ಲೆಕ್ಕ ಹಾಕುವ ಬಗೆ

ಬಂಡೆ ಕಡಿಯುವ ಯಂತ್ರ ಎರಡು ರೀತಿಯಲ್ಲಿ ಕೈಕೊಡುತ್ತದೆ. ಒಂದು, ಪಿಕ್‌ಗಳು, ಅಂದರೆ ತಿರುಗುವ ಡ್ರಮ್‌ನ ಮೈಮೇಲೆ ಕೂರಿಸಿದ ಕಡಿಯುವ ಹಲ್ಲುಗಳು, ಬಂಡೆಗೆ ಕಚ್ಚಿಕೊಂಡು ಮೋಟಾರು ನಿಂತುಹೋಗುತ್ತದೆ. ಟಾರ್ಕ್, ಅಂದರೆ ತಿರುಗಿಸುವ ಬಲ, ಸಾಲದು ಎಂದರ್ಥ. ಇನ್ನೊಂದು, ಮೋಟಾರು ಆರಾಮವಾಗಿ ತಿರುಗುತ್ತಿರುತ್ತದೆ, ಆದರೆ ಪಿಕ್‌ಗಳು ಬಂಡೆಯ ಮೈ ಉಜ್ಜುತ್ತವೆಯೇ ಹೊರತು ಒಳಗೆ ಇಳಿಯುವುದಿಲ್ಲ. ಧೂಳು ಏಳುತ್ತದೆ, ಕಿಡಿ ಹಾರುತ್ತದೆ, ಚಕ್ಕೆ ಬರುವುದಿಲ್ಲ. ಇಲ್ಲಿ ಸಾಲದೆ ಹೋದದ್ದು ಒತ್ತುವ ಬಲ, ಅದನ್ನು ಕೊಡಬೇಕಾದ ಯಂತ್ರದ ತೂಕ. ಕಿಲೋವ್ಯಾಟ್ ಒಂದನ್ನೇ ನೋಡಿ ಯಂತ್ರ ಆರಿಸಿದರೆ ಈ ಎರಡನೆಯ ತೊಂದರೆ ಕಾಗದದ ಮೇಲೆ ಕಾಣಿಸುವುದೇ ಇಲ್ಲ. ಹಾಗಾಗಿ ಲೆಕ್ಕವನ್ನು ಒಂದೇ ಒಂದು ಪಿಕ್‌ನ ತುದಿಯಿಂದ ಶುರು ಮಾಡಬೇಕು: ಒಂದು ಪಿಕ್‌ಗೆ ಬೇಕಾದ ಬಲ, ಅದರಿಂದ ಒಂದು ಘನ ಮೀಟರ್‌ಗೆ ತಗಲುವ ಶಕ್ತಿ, ಅದರಿಂದ ಪವರ್. ಆಮೇಲೆ ಇದೇ ಉತ್ತರಕ್ಕೆ ಇನ್ನೊಂದು ದಾರಿಯಲ್ಲಿ ಬಂದು ತಾಳೆ ನೋಡಬೇಕು. ತಾಳೆಯಾಗದ ಲೆಕ್ಕವನ್ನು ನಂಬಬಾರದು.

ಚಕ್ಕೆ ಏಳುವ ಬಗೆ

ಪಿಕ್‌ನ ತುದಿ ಬಂಡೆಗೆ ತಾಗಿದ ಕೂಡಲೇ ಅದರ ಮುಂದಿನ ಸ್ವಲ್ಪ ಭಾಗ ನುಜ್ಜುಗುಜ್ಜಾಗಿ ಹಿಟ್ಟಾಗುತ್ತದೆ. ಪಿಕ್ ಮುಂದೆ ಸರಿದಂತೆ ಬಲ ಏರುತ್ತದೆ, ಹಿಟ್ಟು ಅಮುಕಿಕೊಂಡು ಗಟ್ಟಿಯಾಗಿ ಬೆಣೆಯಂತೆ ಸುತ್ತಲಿನ ಕಲ್ಲನ್ನು ಬಿಡಿಸುತ್ತದೆ. ಒಂದು ಬಿರುಕು ಹುಟ್ಟಿ, ಬಾಗಿ, ಹತ್ತಿರದ ತೆರೆದ ಮೈಗೆ ಓಡುತ್ತದೆ. ಚಕ್ಕೆ ಹಾರಿದ ಕ್ಷಣ ಬಲ ಕುಸಿಯುತ್ತದೆ. ಮತ್ತೆ ಏರಲು ಶುರುವಾಗುತ್ತದೆ. ಬಲದ ಗ್ರಾಫ್ ಗರಗಸದ ಹಲ್ಲಿನಂತೆ ಕಾಣುವುದು ಇದರಿಂದ. ಒತ್ತುವುದು ನಾವಾದರೂ ಬಂಡೆ ಕೊನೆಗೆ ಸೀಳುವುದು ಎಳೆತದಲ್ಲಿ. ಅದಕ್ಕೇ ಸಂಪೀಡನ ಸಾಮರ್ಥ್ಯ, ಅಂದರೆ ಅದುಮಿದಾಗ ತಡೆಯುವ ಮಿತಿ, ಒಂದೇ ಸಾಲದು. ಕರ್ಷಣ ಸಾಮರ್ಥ್ಯ, ಅಂದರೆ ಎಳೆದಾಗ ತಡೆಯುವ ಮಿತಿ, ಕೂಡ ಬೇಕು.

ಶಕ್ತಿಯನ್ನು ನುಂಗುವುದು ಹಿಟ್ಟು. ದೊಡ್ಡ ಚಕ್ಕೆಯೊಂದು ಕಡಿಮೆ ಖರ್ಚಿನಲ್ಲಿ ಎದ್ದುಬರುತ್ತದೆ, ಅಷ್ಟೇ ತೂಕದ ಪುಡಿಗೆ ಅದರ ಹಲವು ಪಟ್ಟು ಶಕ್ತಿ ಬೇಕು. ಕಡಿದ ಮಾಲನ್ನು ಒಂದು ಹಿಡಿ ಕೈಗೆ ತೆಗೆದುಕೊಂಡು ನೋಡಿ. ಅಂಗೈಯಲ್ಲಿ ಚಪ್ಪಟೆ ಚಕ್ಕೆಗಳು, ಒಂದು ಮಗ್ಗುಲು ಹೊಸದಾಗಿ ಸೀಳಿದ ಒರಟು ಮೈ, ಮತ್ತೊಂದು ಮಗ್ಗುಲಲ್ಲಿ ಹಿಂದಿನ ಗೆರೆಯ, ಅಂದರೆ ಪಿಕ್ ಕಡಿದು ಹೋದ ಜಾಡಿನ, ಬಿಳಿಚಿದ ನುಣುಪು ಗುರುತು ಇದ್ದರೆ ಪಕ್ಕಪಕ್ಕದ ಗೆರೆಗಳ ನಡುವೆ ಬಿರುಕು ಸರಿಯಾಗಿ ಕೂಡುತ್ತಿದೆ. ಬೆರಳ ಸಂದಿಯಿಂದ ಸೋರುವ ಪುಡಿಯೇ ಹೆಚ್ಚಿದ್ದರೆ ಆಳ ಸಾಲದು, ಇಲ್ಲವೇ ಗೆರೆಗಳ ಅಂತರ ತಪ್ಪಿದೆ, ಇಲ್ಲವೇ ತುದಿ ಮೊಂಡಾಗಿದೆ.

ಬಂಡೆಯಿಂದ ಪಡೆಯಬೇಕಾದ ಅಂಕಿಗಳು

ಸಂಪೀಡನ ಸಾಮರ್ಥ್ಯಕ್ಕೆ ಸುಮಾರು 50 ಮಿ.ಮೀ. ವ್ಯಾಸದ, ವ್ಯಾಸದ ಎರಡರಿಂದ ಮೂರು ಪಟ್ಟು ಉದ್ದದ ಕೋರ್, ಅಂದರೆ ಬಂಡೆಯಿಂದ ಕೊರೆದು ತೆಗೆದ ಉರುಳೆಯಾಕಾರದ ತುಂಡು, ಬೇಕು. ಎರಡೂ ತುದಿ ಸಮಾನಾಂತರವಾಗಿ ಉಜ್ಜಿರಬೇಕು. ಓರೆಯಾದ ತುದಿ ಕಡಿಮೆ ಅಂಕಿ ಕೊಟ್ಟು ದಾರಿ ತಪ್ಪಿಸುತ್ತದೆ. ಕರ್ಷಣ ಸಾಮರ್ಥ್ಯಕ್ಕೆ ಬ್ರೆಜಿಲಿಯನ್ ಪರೀಕ್ಷೆ: ಕೋರ್‌ನಿಂದ ಬಿಲ್ಲೆ ಕತ್ತರಿಸಿ ಅಡ್ಡಲಾಗಿ ಒತ್ತಿ ಸೀಳುವುದು. ಸೀಳಿದ ಭಾರದ ಎರಡು ಪಟ್ಟನ್ನು ಪೈ × ವ್ಯಾಸ × ದಪ್ಪದಿಂದ ಭಾಗಿಸಬೇಕು. 54 ಮಿ.ಮೀ. ವ್ಯಾಸ, 27 ಮಿ.ಮೀ. ದಪ್ಪದ ಬಿಲ್ಲೆ 9.2 ಕಿಲೋನ್ಯೂಟನ್‌ಗೆ ಸೀಳಿದರೆ ಸುಮಾರು 4 ಮೆಗಾಪಾಸ್ಕಲ್ ಬರುತ್ತದೆ. ಈ ಅಂಕಿಯನ್ನೇ ಮುಂದೆ ಬಳಸುತ್ತೇವೆ.

ಉದ್ದದ ಕೋರ್ ಸಿಗದಿದ್ದರೆ ಪಾಯಿಂಟ್ ಲೋಡ್ ಸೂಚ್ಯಂಕವನ್ನು (ಎರಡು ಮೊನೆಗಳ ನಡುವೆ ತುಂಡನ್ನು ಒತ್ತಿ ಒಡೆದು ಪಡೆಯುವ ಅಂಕಿ) 20ರಿಂದ 25ರ ನಡುವಿನ ಅಂಕಿಯಿಂದ ಗುಣಿಸಿ ಸಂಪೀಡನ ಸಾಮರ್ಥ್ಯ ಅಂದಾಜಿಸುವುದುಂಟು. ಮೃದು ಬಂಡೆಯಲ್ಲಿ ಇದು ಬಹಳ ಎಡವುತ್ತದೆ. ಮೊದಲ ಅಂದಾಜಿಗೆ ಮಾತ್ರ ಸಾಕು. ಮರಳುಗಲ್ಲು, ಜೇಡಿಗಲ್ಲುಗಳು ನೀರು ಕುಡಿದಾಗ ಮೆತ್ತಗಾಗುತ್ತವೆ. ನೆಲದಲ್ಲಿ ಎಷ್ಟು ತೇವವಿದೆಯೋ ಅಷ್ಟೇ ತೇವದಲ್ಲಿ ಪರೀಕ್ಷಿಸಬೇಕು. ಒಲೆಯಲ್ಲಿ ಒಣಗಿಸಿದ ಮಾದರಿಯ ಅಂಕಿ ಹಿಡಿದು ಲೆಕ್ಕ ಮಾಡಿದರೆ ಬೇಕಾದುದಕ್ಕಿಂತ ದೊಡ್ಡ ಯಂತ್ರ ತಂದಂತಾಗುತ್ತದೆ. ಸವೆತಕ್ಕೆ ಸೆರ್ಶಾರ್ ಪರೀಕ್ಷೆ ಮಾಡಿಸಿ: 70 ನ್ಯೂಟನ್ ಭಾರದಲ್ಲಿ ಚೂಪು ಉಕ್ಕಿನ ಸೂಜಿಯಿಂದ 10 ಮಿ.ಮೀ. ಗೀರಿ, ತುದಿ ಎಷ್ಟು ಚಪ್ಪಟೆಯಾಯಿತೆಂದು ಅಳೆಯುವುದು. ಈ ಅಂಕಿ ಬಲದ ಸೂತ್ರಕ್ಕೆ ಸೇರುವುದಿಲ್ಲ. ಆದರೆ ಇವತ್ತು ಹಾಕಿದ ಲೆಕ್ಕ ಎಷ್ಟು ಗಂಟೆ ನಿಜವಾಗಿ ಉಳಿಯುತ್ತದೆ ಎಂದು ಹೇಳುವುದು ಇದೇ.

ಒಂದು ಪಿಕ್‌ನ ಬಲ

ಮೊನಚು ಶಂಕುವಿನಾಕಾರದ ಪಿಕ್‌ಗೆ ಇವಾನ್ಸ್ 1984ರಲ್ಲಿ ಕೊಟ್ಟ ಸೂತ್ರ ಈಗಲೂ ಚಾಲ್ತಿಯಲ್ಲಿದೆ. 16 × ಪೈ × ಕರ್ಷಣ ಸಾಮರ್ಥ್ಯದ ವರ್ಗ × ಆಳದ ವರ್ಗ ಎಂದು ಗುಣಿಸಿ, ಬಂದದ್ದನ್ನು ಸಂಪೀಡನ ಸಾಮರ್ಥ್ಯ × ತುದಿಯ ಅರ್ಧಕೋನದ ಕೊಸೈನ್‌ನ ವರ್ಗದಿಂದ ಭಾಗಿಸಬೇಕು. ಸಾಮರ್ಥ್ಯಗಳನ್ನು ಮೆಗಾಪಾಸ್ಕಲ್‌ನಲ್ಲಿ, ಆಳವನ್ನು ಮಿ.ಮೀ.ನಲ್ಲಿ ಹಾಕಿದರೆ ಉತ್ತರ ನೇರ ನ್ಯೂಟನ್‌ನಲ್ಲಿ ಬರುತ್ತದೆ. ಬಂಡೆಯ ಸಂಪೀಡನ ಸಾಮರ್ಥ್ಯ 50, ಕರ್ಷಣ ಸಾಮರ್ಥ್ಯ 4 ಮೆಗಾಪಾಸ್ಕಲ್, ಆಳ 10 ಮಿ.ಮೀ., ಅರ್ಧಕೋನ 40 ಡಿಗ್ರಿ ಎಂದಾದರೆ ಸುಮಾರು 2.7 ಕಿಲೋನ್ಯೂಟನ್.

ಈ ಸೂತ್ರದಲ್ಲಿ ಒಂದು ದೋಷವಿದೆ. ಸಂಪೀಡನ ಸಾಮರ್ಥ್ಯ ಕೆಳಗೆ ಕೂತಿರುವುದರಿಂದ, ಕರ್ಷಣ ಸಾಮರ್ಥ್ಯ ಅಷ್ಟೇ ಇದ್ದು ಬಂಡೆ ಗಟ್ಟಿಯಾದಷ್ಟೂ ಬಲ ಇಳಿಯುತ್ತದೆ ಎನ್ನುತ್ತದೆ. ತುದಿಯ ಘರ್ಷಣೆಯೂ ಇದರಲ್ಲಿಲ್ಲ. 1997ರಲ್ಲಿ ಗೋಕ್ತನ್ ಇದನ್ನು ತಿದ್ದಿದರು: 4 × ಪೈ × ಕರ್ಷಣ ಸಾಮರ್ಥ್ಯ × ಆಳದ ವರ್ಗ × ಸೈನ್‌ನ ವರ್ಗ, ಭಾಗಿಸು ಕೊಸೈನ್. ಇಲ್ಲಿ ಸೈನ್, ಕೊಸೈನ್ ಎರಡನ್ನೂ ಅರ್ಧಕೋನಕ್ಕೆ ಘರ್ಷಣಕೋನ ಕೂಡಿಸಿದ ಮೇಲೆ ತೆಗೆಯಬೇಕು. ಘರ್ಷಣಕೋನ 10 ಡಿಗ್ರಿ ಹಿಡಿದರೆ ಅದೇ ಬಂಡೆಗೆ 4.6 ಕಿಲೋನ್ಯೂಟನ್ ಬರುತ್ತದೆ.

ಎರಡೂ ಶಿಖರ ಬಲದ, ಅಂದರೆ ಚಕ್ಕೆ ಹಾರುವ ಮುನ್ನ ಏರುವ ಗರಿಷ್ಠ ಬಲದ, ಸೂತ್ರಗಳು, ಎರಡೂ ಹೊಸ ಚೂಪು ತುದಿಯನ್ನು ಊಹಿಸಿಕೊಂಡವು. ಅಳತೆ ಮಾಡಿದ ಬಲ ಸಾಮಾನ್ಯವಾಗಿ ಇವುಗಳಿಗಿಂತ ಹೆಚ್ಚೇ ಬರುತ್ತದೆ. ಯಾವ ತುದಿಕೋನ ಒಳ್ಳೆಯದು, ಆಳ ಬದಲಾದರೆ ಏನಾಗುತ್ತದೆ ಎಂದು ಹೋಲಿಸಲು ಸೂತ್ರ ಬಳಸಿ. ಯಂತ್ರಕ್ಕೆ ಹಣ ಹಾಕುವ ಮುನ್ನ ಅಳತೆ ಮಾಡಿಸಿ.

ಅಳತೆಯ ಅತ್ಯುತ್ತಮ ವಿಧಾನ ಲೀನಿಯರ್ ಕಟಿಂಗ್ ಪರೀಕ್ಷೆ. ದೊಡ್ಡ ಬಂಡೆಯ ತುಂಡನ್ನು ಕಾಂಕ್ರೀಟಿನಲ್ಲಿ ಕೂರಿಸಿ, ನಿಜವಾಗಿ ಬಳಸುವ ಪಿಕ್ಕನ್ನೇ ನಿಗದಿತ ಆಳ, ನಿಗದಿತ ಅಂತರದಲ್ಲಿ ನೇರ ಗೆರೆಯಾಗಿ ಎಳೆಯುತ್ತಾರೆ. ಮೂರು ದಿಕ್ಕಿನ ಬಲ ದಾಖಲಾಗುತ್ತದೆ. ಗರಗಸದಿಂದ ಕೊಯ್ದ ನುಣುಪು ಮೈಮೇಲೆ ಬಂದ ಅಂಕಿಯನ್ನು ಒಪ್ಪಿಕೊಳ್ಳಬಾರದು. ಮೊದಲು ಒಂದೆರಡು ಪದರ ಕಡಿದು, ಕೆಲಸದ ಜಾಗದಲ್ಲಿ ಇರುವಂಥದೇ ಒಡಕು ಮೈ ಬಂದ ಮೇಲೆ ಅಳೆಯಬೇಕು.

ಒಂದು ಉದಾಹರಣೆ ಹಿಡಿಯೋಣ. ಆಳ 10 ಮಿ.ಮೀ., ಗೆರೆಗಳ ಅಂತರ 30 ಮಿ.ಮೀ., ಸರಾಸರಿ ಕಡಿತದ ಬಲ (ಪಿಕ್ ಸಾಗುವ ದಿಕ್ಕಿನದು) 6 ಕಿಲೋನ್ಯೂಟನ್, ಸರಾಸರಿ ಒತ್ತುಬಲ (ಪಿಕ್ಕನ್ನು ಬಂಡೆಯೊಳಕ್ಕೆ ಅದುಮುವುದು) 7 ಕಿಲೋನ್ಯೂಟನ್. ಗೆರೆಯ ಉದ್ದ 0.8 ಮೀಟರ್. ಗೆರೆ ಮುಗಿದ ಮೇಲೆ ಬ್ರಷ್‌ನಿಂದ ಚಕ್ಕೆ, ಪುಡಿ ಎಲ್ಲವನ್ನೂ ತಟ್ಟೆಗೆ ಗುಡಿಸಿ ತೂಗಬೇಕು. ಸಾಂದ್ರತೆ ಘನ ಮೀಟರ್‌ಗೆ 2400 ಕೆ.ಜಿ. ಇರುವ ಬಂಡೆಯಲ್ಲಿ ಆಳ × ಅಂತರದ ಪೂರ್ತಿ ಭಾಗ ಎದ್ದುಬಂದಿದ್ದರೆ ತಕ್ಕಡಿ 576 ಗ್ರಾಂ ತೋರಿಸಬೇಕು. 350 ಗ್ರಾಂ ಮಾತ್ರ ಬಂದರೆ ಗೆರೆಗಳ ನಡುವೆ ದಿಬ್ಬ ಉಳಿದಿದೆ, ಅಂತರ ಹೆಚ್ಚಾಗಿದೆ. ತೂಗದೆ ಬರೀ ಆಳ × ಅಂತರವನ್ನು ನಂಬಿದರೆ ಮುಂದಿನ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ದೊಡ್ಡ ತುಂಡು ಸಿಗದಾಗ ಕೋರ್ ಮೇಲೆಯೇ ಮಾಡುವ ಚಿಕ್ಕ ಪರೀಕ್ಷೆಯೂ ಇದೆ: 12.7 ಮಿ.ಮೀ. ಅಗಲದ ಉಳಿಯಿಂದ 5 ಮಿ.ಮೀ. ಆಳ, ಸೆಕೆಂಡಿಗೆ 150 ಮಿ.ಮೀ. ವೇಗ. ಅದರ ಶಕ್ತಿ ಅಂಕಿ ಒಂಟಿ ಗೆರೆಯದು. ಬಂಡೆ ಬಂಡೆಗೆ ಹೋಲಿಸಲು ಒಳ್ಳೆಯದು, ಕೆಳಗಿನ ಸೂತ್ರಕ್ಕೆ ನೇರವಾಗಿ ಹಾಕಲು ಆಗದು.

ಬಲದಿಂದ ಶಕ್ತಿ, ಶಕ್ತಿಯಿಂದ ಪವರ್

ನಿರ್ದಿಷ್ಟ ಶಕ್ತಿ ಎಂದರೆ ಒಂದು ಘನ ಮೀಟರ್ ಬಂಡೆ ಕಡಿಯಲು ತಗಲುವ ಶಕ್ತಿ. ಸರಾಸರಿ ಕಡಿತದ ಬಲವನ್ನು ಒಂದು ಕಿ.ಮೀ. ಗೆರೆಗೆ ಬರುವ ಘನ ಮೀಟರ್‌ನಿಂದ ಭಾಗಿಸಿದರೆ ಸಿಗುತ್ತದೆ. ಕಿಲೋನ್ಯೂಟನ್ ಅನ್ನು ಕಿ.ಮೀ.ಗೆ ಘನ ಮೀಟರ್‌ನಿಂದ ಭಾಗಿಸಿದರೆ ಉತ್ತರ ನೇರ ಮೆಗಾಜೂಲ್ ಪ್ರತಿ ಘನ ಮೀಟರ್. ಯಾವ ಗುಣಕವೂ ಬೇಡ. ನಮ್ಮ ಉದಾಹರಣೆಯಲ್ಲಿ 10 × 30 ಮಿ.ಮೀ. ಎಂದರೆ ಕಿ.ಮೀ.ಗೆ 0.3 ಘನ ಮೀಟರ್. 6 ÷ 0.3 = 20 ಮೆಗಾಜೂಲ್. ಇದನ್ನು 3.6ರಿಂದ ಭಾಗಿಸಿದರೆ 5.56 ಕಿಲೋವ್ಯಾಟ್-ಗಂಟೆ. ಇಲ್ಲಿ ಸರಾಸರಿ ಬಲವೇ ಆಗಬೇಕು, ಶಿಖರ ಬಲವಲ್ಲ. ಬಹಳ ಜನ ತಪ್ಪುವುದು ಇಲ್ಲೇ. ಶಿಖರ ಬಲ ಸರಾಸರಿಯ ಎರಡರಿಂದ ಮೂರು ಪಟ್ಟಿರುತ್ತದೆ. ಅದನ್ನು ಪಿಕ್ ಹೋಲ್ಡರ್, ಗೇರ್‌ಬಾಕ್ಸ್, ಬೇರಿಂಗ್ ಆರಿಸಲು ಎತ್ತಿಟ್ಟುಕೊಳ್ಳಿ.

ಅಂತರ ÷ ಆಳ ಎಂಬ ಅನುಪಾತ ಈ ಶಕ್ತಿಯನ್ನು ಬಹಳ ಅಲುಗಿಸುತ್ತದೆ. ಅಂತರ ತೀರಾ ಕಡಿಮೆಯಾದರೆ ಪುಡಿ, ತೀರಾ ಹೆಚ್ಚಾದರೆ ನಡುವೆ ದಿಬ್ಬ. ಪಿಕ್‌ಗಳಿಗೆ ಸಾಮಾನ್ಯವಾಗಿ 2ರಿಂದ 5ರ ನಡುವೆ, ಡಿಸ್ಕ್ ಕಟರ್‌ಗೆ (ಬಂಡೆಯ ಮೇಲೆ ಒತ್ತಿ ಉರುಳಿಸುವ ಉಕ್ಕಿನ ಬಿಲ್ಲೆ) 10ರಿಂದ 20ರ ನಡುವೆ ಅತಿ ಕಡಿಮೆ ಶಕ್ತಿಯ ತಾಣ ಸಿಗುತ್ತದೆ. ಮೂರ್ನಾಲ್ಕು ಅಂತರದಲ್ಲಿ ಪರೀಕ್ಷಿಸಿ ಆ ತಾಣ ಹುಡುಕಿ, ಅಲ್ಲಿಯ ನಿರ್ದಿಷ್ಟ ಶಕ್ತಿಯನ್ನೇ ಮುಂದೆ ಒಯ್ಯಬೇಕು.

ಈಗ ಪವರ್. ಡ್ರಮ್‌ಗೆ 200 ಕಿಲೋವ್ಯಾಟ್ ಇದ್ದರೆ, 200 ÷ 5.56 ಎಂದರೆ ಗಂಟೆಗೆ 36 ಘನ ಮೀಟರ್. ಇದು ಎಂದೂ ಸಿಗುವುದಿಲ್ಲ. ರೋಡ್‌ಹೆಡರ್‌ಗೆ, ಅಂದರೆ ತೋಳಿನ ತುದಿಯಲ್ಲಿ ಪಿಕ್ ಡ್ರಮ್ ಇರುವ ಯಂತ್ರಕ್ಕೆ, ಇದನ್ನು 0.45ರಿಂದ 0.55ರ ನಡುವಿನ ಅಂಕಿಯಿಂದ ಗುಣಿಸುತ್ತಾರೆ, 16ರಿಂದ 20 ಘನ ಮೀಟರ್ ಉಳಿಯುತ್ತದೆ. ಅರ್ಧ ಎಲ್ಲಿ ಹೋಯಿತು? ತಿರುಗುವ ಡ್ರಮ್‌ನಲ್ಲಿ ಪಿಕ್ ಒಂದೇ ಆಳದಲ್ಲಿ ಓಡುವುದಿಲ್ಲ. ಸೊನ್ನೆಯಿಂದ ಶುರುವಾಗಿ, ನಡುವೆ ಗರಿಷ್ಠಕ್ಕೆ ಏರಿ, ಮತ್ತೆ ಸೊನ್ನೆಗೆ ಇಳಿಯುತ್ತದೆ. ಚಕ್ಕೆ ಬಿದಿಗೆ ಚಂದ್ರನ ಆಕಾರ. ಅರ್ಧ ಸುತ್ತಿನ ಸರಾಸರಿ ಆಳ ಗರಿಷ್ಠದ 0.64 ಭಾಗ ಮಾತ್ರ. ತೆಳು ಭಾಗದಲ್ಲೆಲ್ಲ ಪುಡಿಯೇ ಆಗುತ್ತದೆ. ಜೊತೆಗೆ ತುದಿ ಸವೆದಿರುತ್ತದೆ, ತೋಳು ಅಲುಗುತ್ತದೆ, ಮೋಟಾರು ಸದಾ ಪೂರ್ಣ ಭಾರದಲ್ಲಿರುವುದಿಲ್ಲ. ಟಿಬಿಎಂನಲ್ಲಿ (ಸುರಂಗ ಕೊರೆಯುವ ಯಂತ್ರದಲ್ಲಿ) ಡಿಸ್ಕ್‌ಗಳು ಒಂದೇ ಆಳದಲ್ಲಿ ಉರುಳುವುದರಿಂದ ಅಲ್ಲಿ ಈ ಗುಣಕ 0.85ರಿಂದ 0.90. ಇದು ಕಡಿಯುತ್ತಿರುವ ಹೊತ್ತಿನ ವೇಗ ಮಾತ್ರ; ಶಿಫ್ಟ್‌ನ ಎಲ್ಲ ಗಂಟೆಗಳಿಂದ ಗುಣಿಸಬೇಡಿ.

ಬೇರೆ ದಾರಿಯಿಂದ ತಾಳೆ ನೋಡಲು ಬಿಲ್ಗಿನ್ ಮತ್ತು ಸಂಗಡಿಗರ ಕ್ಷೇತ್ರಾನುಭವದ ಸೂತ್ರವಿದೆ: ಗಂಟೆಗೆ ಘನ ಮೀಟರ್ = 0.28 × ಪವರ್ × 0.974ರ ಘಾತ. ಆ ಘಾತ ಎಂದರೆ ಸಂಪೀಡನ ಸಾಮರ್ಥ್ಯವನ್ನು, ಆರ್‌ಕ್ಯೂಡಿಯ (ಕೊರೆದ ಕೋರ್‌ನಲ್ಲಿ 10 ಸೆಂ.ಮೀ.ಗಿಂತ ಉದ್ದದ ತುಂಡುಗಳ ಪಾಲು) ಶೇಕಡಾವನ್ನು 100ರಿಂದ ಭಾಗಿಸಿ ಮೂರನೇ ಎರಡರ ಘಾತಕ್ಕೆ ಏರಿಸಿದ ಅಂಕಿಯಿಂದ ಗುಣಿಸಿದ್ದು. ಇಲ್ಲಿ ಪವರ್ ಕಿಲೋವ್ಯಾಟ್‌ನಲ್ಲಲ್ಲ, ಹಾರ್ಸ್‌ಪವರ್‌ನಲ್ಲಿ, ಇದು ಎಚ್ಚರ. 200 ಕಿಲೋವ್ಯಾಟ್ ಎಂದರೆ 268. ಸೀಳಿಲ್ಲದ ಬಂಡೆಗೆ, ಆರ್‌ಕ್ಯೂಡಿ 100 ಹಿಡಿದರೆ, ಸುಮಾರು 20 ಘನ ಮೀಟರ್ ಬರುತ್ತದೆ. ಮೇಲಿನ ಉತ್ತರದ ಅಂಚಿಗೇ ಬಂತು, ನೆಮ್ಮದಿ. ಆರ್‌ಕ್ಯೂಡಿ 60 ಇದ್ದರೆ ಅದೇ ಕಲ್ಲಿಗೆ 29. ಬಂಡೆಯಲ್ಲಿರುವ ಸೀಳುಗಳು ಅರ್ಧ ಕೆಲಸ ಮಾಡಿಕೊಡುತ್ತವೆ.

ಟಾರ್ಕ್ ಮತ್ತು ಯಂತ್ರದ ತೂಕ

ಡ್ರಮ್ ವ್ಯಾಸ 1 ಮೀಟರ್, ನಿಮಿಷಕ್ಕೆ 50 ಸುತ್ತು. ಟಾರ್ಕ್ = 9550 × 200 ÷ 50, ಅಂದರೆ 38.2 ಕಿಲೋನ್ಯೂಟನ್ ಮೀಟರ್. ತ್ರಿಜ್ಯ 0.5 ಮೀಟರ್‌ನಿಂದ ಭಾಗಿಸಿದರೆ ಅಂಚಿನಲ್ಲಿ 76 ಕಿಲೋನ್ಯೂಟನ್. ಪಿಕ್ ಒಂದಕ್ಕೆ 6 ಆದರೆ ಒಂದೇ ಹೊತ್ತಿಗೆ 12 ಪಿಕ್ ಕಡಿಯಬಹುದು. 13ನೆಯದು ಕಚ್ಚಿದರೆ ಮೋಟಾರು ಕುಗ್ಗುತ್ತದೆ. ಡ್ರಮ್ ಮೇಲೆ ಪಿಕ್ ಜೋಡಿಸುವಾಗ ಯಾವ ಕೋನದಲ್ಲಿ ನಿಂತರೂ ಈ ಎಣಿಕೆ ಏರುಪೇರಾಗದಂತೆ ಹಂಚಬೇಕು. ಇಲ್ಲದಿದ್ದರೆ ಸರಾಸರಿ ಸರಿಯಿದ್ದರೂ ಪ್ರತಿ ಸುತ್ತಿಗೊಮ್ಮೆ ಜಗ್ಗುತ್ತದೆ.

ಒತ್ತುಬಲಕ್ಕೆ ಬನ್ನಿ. 12 ಪಿಕ್ × 7 = 84 ಕಿಲೋನ್ಯೂಟನ್. ಇವು ಅರ್ಧವೃತ್ತದಲ್ಲಿ ಹರಡಿರುವುದರಿಂದ ಮುನ್ನುಗ್ಗುವ ದಿಕ್ಕಿಗೆ 0.64 ಭಾಗ, ಅಂದರೆ 54 ಕಿಲೋನ್ಯೂಟನ್ ಬೀಳುತ್ತದೆ. ಕಡಿತದ ಬಲದ 0.64 ಭಾಗ, 46 ಕಿಲೋನ್ಯೂಟನ್, ಅದಕ್ಕೆ ಅಡ್ಡಲಾಗಿ ಯಂತ್ರವನ್ನು ಎತ್ತಲು ಅಥವಾ ಪಕ್ಕಕ್ಕೆ ತಳ್ಳಲು ನೋಡುತ್ತದೆ. ಶಿಖರಗಳಿಗೆ ಎರಡು ಪಟ್ಟು ಬಿಟ್ಟರೆ ಮುನ್ನುಗ್ಗಲು 108 ಕಿಲೋನ್ಯೂಟನ್. ಕ್ರಾಲರ್‌ಗೆ (ಯಂತ್ರ ಸಾಗುವ ಸರಪಳಿ ಪಟ್ಟಿಗೆ) ನೆಲದ ಹಿಡಿತ 0.4 ಎಂದು ಹಿಡಿದರೆ ಯಂತ್ರ 27 ಟನ್‌ಗಿಂತ ಕಡಿಮೆ ತೂಗುವಂತಿಲ್ಲ. ಹಗುರ ಯಂತ್ರಕ್ಕೆ ದೊಡ್ಡ ಮೋಟಾರು ಕೂರಿಸಿದರೆ ಆಗುವುದು ಇಷ್ಟೇ: ಯಂತ್ರ ಹಿಂದಕ್ಕೆ ಜಾರುತ್ತದೆ, ಕಡಿತ ತೆಳುವಾಗುತ್ತದೆ, ನಿರ್ದಿಷ್ಟ ಶಕ್ತಿ ಏರುತ್ತದೆ, ಕೂರಿಸಿದ ಪವರ್ ಪುಡಿ ಮಾಡುವುದರಲ್ಲಿ ಮುಗಿಯುತ್ತದೆ.

ಇಂಥ ಸ್ಥಿತಿಯಲ್ಲಿ ಸುತ್ತುಗಳನ್ನು ಇಳಿಸುವುದು ಒಂದು ದಾರಿ. ಗೆರೆಗೆ ಒಂದು ಪಿಕ್ ಇದ್ದು ಡ್ರಮ್ ನಿಮಿಷಕ್ಕೆ 0.5 ಮೀಟರ್ ಮುಂದೆ ಸರಿಯುತ್ತಿದ್ದರೆ 50 ಸುತ್ತಿನಲ್ಲಿ ಗರಿಷ್ಠ ಆಳ 10 ಮಿ.ಮೀ., 25 ಸುತ್ತಿನಲ್ಲಿ 20. ಚಕ್ಕೆ ದೊಡ್ಡದಾಗುತ್ತದೆ, ಧೂಳು ಇಳಿಯುತ್ತದೆ, ತುದಿ ತಣ್ಣಗಿರುತ್ತದೆ. ಆದರೆ ಪಿಕ್ ಒಂದರ ಬಲ ಏರುವುದರಿಂದ ಹೋಲ್ಡರ್ ತಡೆಯುವುದೇ, ಗೇರ್‌ಬಾಕ್ಸ್ ಅಷ್ಟು ಟಾರ್ಕ್ ಕೊಡುವುದೇ ಎಂದು ಮೊದಲು ನೋಡಿಕೊಳ್ಳಿ.

ಡಿಸ್ಕ್ ಕಟರ್ ಆದರೆ

ಗಟ್ಟಿ ಬಂಡೆಗೆ ಡಿಸ್ಕ್ ಬೇಕು. 1993ರಲ್ಲಿ ಕೊಲೊರಾಡೊ ಸ್ಕೂಲ್ ಆಫ್ ಮೈನ್ಸ್‌ನಲ್ಲಿ ರೊಸ್ತಾಮಿ, ಓಜ್ದೆಮಿರ್ ರೂಪಿಸಿದ ಸೂತ್ರದ ಹಂತಗಳು ಹೀಗಿವೆ. 17 ಇಂಚಿನ ಡಿಸ್ಕ್ ಎಂದರೆ ತ್ರಿಜ್ಯ 216 ಮಿ.ಮೀ.; ತುದಿಯ ಅಗಲ 12.7, ಅಂತರ 75, ಆಳ 5 ಮಿ.ಮೀ.; ಬಂಡೆಯ ಸಂಪೀಡನ ಸಾಮರ್ಥ್ಯ 100, ಕರ್ಷಣ ಸಾಮರ್ಥ್ಯ 8 ಮೆಗಾಪಾಸ್ಕಲ್. ತ್ರಿಜ್ಯದಿಂದ ಆಳ ಕಳೆದು ತ್ರಿಜ್ಯದಿಂದಲೇ ಭಾಗಿಸಿದ ಅಂಕಿಗೆ ವಿಲೋಮ ಕೊಸೈನ್ ತೆಗೆದರೆ ಸಂಪರ್ಕಕೋನ 0.2156 ರೇಡಿಯನ್. ಸಂಪೀಡನ ಸಾಮರ್ಥ್ಯದ ವರ್ಗ × ಕರ್ಷಣ ಸಾಮರ್ಥ್ಯ × ಅಂತರವನ್ನು, ಸಂಪರ್ಕಕೋನ × (ತ್ರಿಜ್ಯ × ಅಗಲ ಎಂಬ ಗುಣಲಬ್ಧದ ವರ್ಗಮೂಲ) ಇದರಿಂದ ಭಾಗಿಸಿ, ಘನಮೂಲ ತೆಗೆದು 2.12ರಿಂದ ಗುಣಿಸಿದರೆ ತುದಿಯಡಿಯ ಒತ್ತಡ 172 ಮೆಗಾಪಾಸ್ಕಲ್. ಇದನ್ನು ಅಗಲ × ತ್ರಿಜ್ಯ × ಸಂಪರ್ಕಕೋನದಿಂದ ಗುಣಿಸಿದರೆ ಒಟ್ಟು ಬಲ 101.5 ಕಿಲೋನ್ಯೂಟನ್. ಸಂಪರ್ಕಕೋನದ ಅರ್ಧದ ಕೊಸೈನ್‌ನಿಂದ ಒತ್ತುಬಲ 101, ಸೈನ್‌ನಿಂದ ಉರುಳುಬಲ 10.9 ಕಿಲೋನ್ಯೂಟನ್. ಕೋನ ರೇಡಿಯನ್‌ನಲ್ಲಿರಲಿ, ಡಿಗ್ರಿ ಹಾಕಿದರೆ ಉತ್ತರ ಹಾಳು.

6 ಮೀಟರ್ ವ್ಯಾಸದ ಟಿಬಿಎಂಗೆ 75 ಮಿ.ಮೀ.ಗೆ ಒಂದರಂತೆ 40 ಡಿಸ್ಕ್. ಮುನ್ನುಗ್ಗುವ ಬಲ ಸುಮಾರು 4,040 ಕಿಲೋನ್ಯೂಟನ್. ಶೀಲ್ಡ್‌ನ, ಅಂದರೆ ಯಂತ್ರದ ಸುತ್ತಲಿನ ಉಕ್ಕಿನ ಕವಚದ, ಘರ್ಷಣೆಯನ್ನು ಇದಕ್ಕೆ ಬೇರೆಯಾಗಿ ಕೂಡಿಸಬೇಕು. ಟಾರ್ಕ್‌ಗೆ ರೂಢಿಯ ಸೂತ್ರ 0.3 × ವ್ಯಾಸ × ಡಿಸ್ಕ್ ಸಂಖ್ಯೆ × ಉರುಳುಬಲ, ಅಂದರೆ 785 ಕಿಲೋನ್ಯೂಟನ್ ಮೀಟರ್. ನಿಮಿಷಕ್ಕೆ 8 ಸುತ್ತಿಗೆ 658 ಕಿಲೋವ್ಯಾಟ್.

ತಾಳೆ ನೋಡಿ. ಉರುಳುಬಲವನ್ನು ಅಂತರ × ಆಳದಿಂದ ಭಾಗಿಸಿದರೆ ಘನ ಮೀಟರ್‌ಗೆ 29 ಮೆಗಾಜೂಲ್, ಅಂದರೆ 8.1 ಕಿಲೋವ್ಯಾಟ್-ಗಂಟೆ. 8 ಸುತ್ತು × 5 ಮಿ.ಮೀ. ಎಂದರೆ ಗಂಟೆಗೆ 2.4 ಮೀಟರ್ ಮುನ್ನಡೆ, 68 ಘನ ಮೀಟರ್. ಗುಣಿಸಿದರೆ 550 ಕಿಲೋವ್ಯಾಟ್. ನೂರಕ್ಕೂ ಹೆಚ್ಚು ಕಿಲೋವ್ಯಾಟ್ ವ್ಯತ್ಯಾಸ ಎಲ್ಲಿಂದ ಬಂತು? ಡಿಸ್ಕ್‌ಗಳು ಸಮ ಅಂತರದಲ್ಲಿದ್ದರೆ ಅವುಗಳ ಸರಾಸರಿ ತ್ರಿಜ್ಯ ವ್ಯಾಸದ 0.25 ಭಾಗ. 0.3 ಎಂಬ ಅಂಕಿ ಅಂಚಿನಲ್ಲಿ ಡಿಸ್ಕ್‌ಗಳನ್ನು ಒತ್ತೊತ್ತಾಗಿ ಕೂರಿಸುವುದನ್ನು ಲೆಕ್ಕಕ್ಕೆ ತರುತ್ತದೆ. 0.25 ಹಾಕಿದರೆ 658 ಹೋಗಿ 548 ಆಗುತ್ತದೆ, ಎರಡೂ ದಾರಿ ಕೂಡುತ್ತವೆ. ಯಂತ್ರಕ್ಕೆ ದೊಡ್ಡ ಅಂಕಿಯನ್ನೇ ಹಿಡಿಯಿರಿ.

ಕೆಲಸ ಶುರುವಾದ ಮೇಲೆ

ಲೆಕ್ಕವನ್ನು ಮೀಟರ್‌ನಿಂದಲೇ ತಿದ್ದಿಕೊಳ್ಳಬಹುದು. ಡ್ರಮ್ ಬಂಡೆಗೆ ತಾಗದೆ ತಿರುಗುವಾಗ ಮೋಟಾರು ಎಳೆಯುವ ಪವರ್ ಬರೆದುಕೊಳ್ಳಿ, 25 ಕಿಲೋವ್ಯಾಟ್ ಎನ್ನಿ. ಕಡಿಯುವಾಗ ಸರಾಸರಿ 160. ನಿವ್ವಳ 40 ನಿಮಿಷದ ಕಡಿತಕ್ಕೆ (160 − 25) × 40 ÷ 60 = 90 ಕಿಲೋವ್ಯಾಟ್-ಗಂಟೆ. ಆ ಹೊತ್ತಿನಲ್ಲಿ 15 ಘನ ಮೀಟರ್ ಕಡಿದಿದ್ದರೆ ಘನ ಮೀಟರ್‌ಗೆ 6.0, ಪರೀಕ್ಷೆಯ 5.56ಕ್ಕೆ ಹತ್ತಿರವಿದೆ. ಘನ ಅಳತೆಯನ್ನು ಬಂಡೆಯ ಮುಖದಲ್ಲಿ ಆದ ಕುಳಿಯಿಂದ ತೆಗೆಯಿರಿ. ಲಾರಿಗೆ ತುಂಬಿದ ಮಾಲು ಸಡಿಲವಾಗಿ ಒಂದೂವರೆ ಪಟ್ಟು ಉಬ್ಬಿರುತ್ತದೆ. ಅದನ್ನೇ ಹಿಡಿದರೆ ಶಕ್ತಿ 4 ಎಂದು ತೋರಿ, ಯಂತ್ರ ಚೆನ್ನಾಗಿ ಓಡುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ.

ಪ್ರತಿ ಶಿಫ್ಟ್‌ಗೂ ಈ ಅಂಕಿ ಬರೆಯಿರಿ. ಬಂಡೆ ಬದಲಾಗದೆ 6 ಇದ್ದದ್ದು 8ಕ್ಕೆ ಏರಿದರೆ ಮೊದಲು ಪಿಕ್ ನೋಡಬೇಕು. ತುದಿಯಡಿ ಒಂದೆರಡು ಮಿ.ಮೀ. ಚಪ್ಪಟೆ ಬಂದರೂ ಒತ್ತುಬಲ ಕಡಿತದ ಬಲಕ್ಕಿಂತ ಬಹಳ ಬೇಗ ಏರುತ್ತದೆ, ಆದ್ದರಿಂದ ಆಂಪಿಯರ್ ಮೀಟರ್‌ಗಿಂತ ಮೊದಲು ಫೀಡ್ ಸಿಲಿಂಡರಿನ ಒತ್ತಡ ಸುಳಿವು ಕೊಡುತ್ತದೆ. ಯಂತ್ರ ನಿಲ್ಲಿಸಿ, ಡ್ರಮ್ ತಿರುಗದಂತೆ ಭದ್ರಪಡಿಸಿ, ಪಿಕ್ ಒಂದೊಂದನ್ನೂ ಹೋಲ್ಡರ್‌ನಲ್ಲಿ ಕೈಯಿಂದ ತಿರುಗಿಸಿ. ತಿರುಗದೆ ಕಚ್ಚಿಕೊಂಡ ಪಿಕ್ ಒಂದೇ ಮಗ್ಗುಲಲ್ಲಿ ಸವೆದು ಉಳಿಯಂತಾಗಿರುತ್ತದೆ. ಅಂಥದ್ದನ್ನು ತೆಗೆದು, ತೂತಿನೊಳಗೆ ಗಟ್ಟಿಯಾಗಿ ಕೂತ ಹಿಟ್ಟನ್ನು ನೀರಿನಿಂದ ತೊಳೆದು, ಹೊಸ ಪಿಕ್ ಹಾಕಿದ ಮೇಲೆ ಇನ್ನೊಮ್ಮೆ 40 ನಿಮಿಷ ಅಳೆಯಿರಿ.